ಶಾಲೆಯ ಲ್ಯಾಪ್‌ಟಾಪಿನಲ್ಲಿ ‘ಕ್ರೋಮ್ ಕ್ರ್ಯಾಶ್‌ಪ್ಯಾಡ್ ಹ್ಯಾಂಡ್ಲರ್’ ಅಂತ ಏನೋ ಓಡುತ್ತಿದೆ, ವೈರಸ್ಸಾ?

ಅಲ್ಲ ಟೀಚರೇ, ಅದು ಕ್ರೋಮ್‌ ಜೊತೆಗೇ ಬರುವಂಥದ್ದು. ಬ್ರೌಸರ್ ಕ್ರ್ಯಾಶ್ ಆದರೆ ಆ ಹೊತ್ತಿನ ಸ್ಥಿತಿಯನ್ನು ಡಂಪ್ ಫೈಲಿಗೆ ಬರೆದಿಡುತ್ತದೆ. ಕ್ರ್ಯಾಶ್ ಆದ ಪ್ರೋಗ್ರಾಂ ತನ್ನ ವರದಿ ತಾನೇ ನೆಟ್ಟಗೆ ಬರೆಯಲಾರದು, ಅದಕ್ಕೇ ಬೇರೆ ಪ್ರೊಸೆಸ್. ಉಳಿದ ಹೊತ್ತು ಸುಮ್ನೆ ಕೂತಿರುತ್ತದೆ.

ಆದರೆ ಆ ಹೆಸರನ್ನು ವೈರಸ್ಸೂ ಇಟ್ಟುಕೊಳ್ಳಬಹುದು ಅಲ್ವಾ ಅಂತೀರಾ? ಹೌದು, ಅದಕ್ಕೆ ಹೀಗೆ ನೋಡಿಕೊಳ್ಳಿ. ಕಾಸರಗೋಡಿನ ನಮ್ಮ ಶಾಲೆಗಳಲ್ಲಿರುವುದು ಕೈಟ್‌ನವರ (ಕೇರಳ ಸರ್ಕಾರದ ಶಾಲಾ ಐಟಿ ಸಂಸ್ಥೆ) ಲಿನಕ್ಸ್. ‘ಪ್ರಾಕ್’ (/proc) ಫೋಲ್ಡರಿನಲ್ಲಿ ಆ ಪ್ರೊಸೆಸ್ಸಿನ ನಂಬರಿರುವ ಫೋಲ್ಡರ್ ತೆರೆಯಿರಿ. ಅದರೊಳಗಿನ ‘ಎಕ್ಸ್ಇ’ (exe) ಲಿಂಕ್ ಎಲ್ಲಿಗೆ ತೋರಿಸುತ್ತದೆ ನೋಡಿ. ‘/ಆಪ್ಟ್/ಗೂಗಲ್/ಕ್ರೋಮ್’ (/opt/google/chrome) ಅಂತಿದ್ದರೆ ಅಸಲಿ. ಡೌನ್‌ಲೋಡ್ಸ್‌ನಿಂದಲೋ ಟೆಂಪ್ ಫೋಲ್ಡರಿನಿಂದಲೋ ಓಡುತ್ತಿದ್ದರೆ ಐಟಿ ನೋಡುವ ಮಾಸ್ಟ್ರಿಗೆ ತೋರಿಸಿ.

ವರದಿ ಗೂಗಲ್‌ಗೆ ಹೋಗುವುದು ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಪ್ರೊಸೆಸ್ ಮಾತ್ರ ಆಮೇಲೂ ಕಾಣಿಸುತ್ತದೆ.