ಕೊಲೆ ಇಲ್ಲದ ಪತ್ತೇದಾರಿ: ಒಂದು ಪತ್ರಕ್ಕೆ ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂದು ಹದಿನೈದು ದಿನ ಆಯಿತು. ತಡವಾಗಿದ್ದಕ್ಕೆ ಕ್ಷಮಿಸಿ. ಕಳೆದ ಸಂಚಿಕೆಯಲ್ಲಿ ನಾವು ‘ದಿ ನಂ. 1 ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ’ ಕಾದಂಬರಿಯ ಬಗ್ಗೆ ಬರೆದ ಪುಟ್ಟ ಟಿಪ್ಪಣಿ ನೋಡಿ ನೀವು ಪುಸ್ತಕ ತರಿಸಿ ಓದಿದ್ದೀರಿ, ಓದಿ ಬೇಜಾರು ಮಾಡಿಕೊಂಡಿದ್ದೀರಿ. ಇದರಲ್ಲಿ ಪತ್ತೇದಾರಿಕೆ ಎಲ್ಲಿದೆ, ಕಥೆಯ ಪತ್ತೇದಾರಿಣಿ ಆಯಮ್ಮ ಬರೀ ಟೀ ಕುಡೀತಾ ಕೂತಿರುತ್ತಾರಲ್ಲ ಅನ್ನುವುದು ಒಂದು ದೂರು. ಬಿಳಿಯರೊಬ್ಬರು ಆಫ್ರಿಕಾಕ್ಕೆ ಸಕ್ಕರೆ ಲೇಪಿಸಿ ಕೊಟ್ಟಿದ್ದಾರೆ, ಅಲ್ಲಿನ ನೋವನ್ನೆಲ್ಲ ಬಚ್ಚಿಟ್ಟಿದ್ದಾರೆ ಅನ್ನುವುದು ಇನ್ನೊಂದು. ಕೊನೆಗೆ, ಒಂಬತ್ತನೇ ಕ್ಲಾಸಿನ ಮೊಮ್ಮಗಳಿಗೆ ಇದನ್ನು ಕೊಡಬಹುದಾ ಅಂತಲೂ ಕೇಳಿದ್ದೀರಿ.

ಟೀ ವಿಷಯದ ದೂರನ್ನು ನಾನು ಒಪ್ಪುವುದಿಲ್ಲ. ಸಕ್ಕರೆಯದು ಅರ್ಧ ನಿಜ. ಆ ಅರ್ಧ ನನ್ನನ್ನು ಇಷ್ಟು ದಿನವೂ ಕಾಡಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಫ್ರಿಕಾದ ಬೋಟ್ಸ್ವಾನಾ ದೇಶದ ರಾಜಧಾನಿ ಗಬೊರೋನ್ ಊರಿನ ಹೊರಗೆ, ಕ್ಗಾಲೆ ಬೆಟ್ಟದ ಬುಡದಲ್ಲಿ ಒಂದು ಸಣ್ಣ ಆಫೀಸು. ಎರಡು ಮೇಜು, ಎರಡು ಕುರ್ಚಿ, ಒಂದು ಫೋನು, ಹಳೇ ಟೈಪ್‌ರೈಟರ್, ಒಂದು ಟೀ ಪಾಟ್, ಮೂರು ಮಗ್. ಮೂರನೇ ಮಗ್ ಯಾರಿಗೆ ಅಂತ ನೋಡಿದಿರಾ? ಒಂದು ನಮ್ಮ ಪತ್ತೇದಾರಿಣಿ ಪ್ರೆಷಸ್ ರಾಮೋಟ್ಸ್ವೆಗೆ, ಒಂದು ಸೆಕ್ರೆಟರಿಗೆ, ಉಳಿದದ್ದು ಕಷ್ಟ ಹೇಳಿಕೊಳ್ಳಲು ಬಂದವರಿಗೆ. ಅಲ್ಲಿನ ಸೆಟ್ಸ್ವಾನಾ ಮಾತಿನಲ್ಲಿ ಹೆಂಗಸರನ್ನು ‘ಮ್ಮಾ’, ಗಂಡಸರನ್ನು ‘ರ್ರಾ’ ಅಂತ ಸೇರಿಸಿಯೇ ಕರೆಯಬೇಕು. ಮೊದಲು ಕ್ಷೇಮ ವಿಚಾರಿಸಬೇಕು, ಆಮೇಲೆ ವಿಷಯ. ನಮ್ಮಲ್ಲಿ ‘ಊಟ ಆಯ್ತಾ’ ಕೇಳದೆ ಮಾತು ಶುರು ಮಾಡಿದರೆ ಒಂಥರಾ ಅನ್ನಿಸುತ್ತದಲ್ಲ, ಹಾಗೆ. ಈ ಮರ್ಯಾದೆಯ ಮಾತುಕತೆಯೇ ಅವರ ತನಿಖೆ. ಎದುರಿಗೆ ಕೂತವರು ಎಲ್ಲಿ ತಡವರಿಸಿದರು, ಯಾವ ಮಾತನ್ನು ನುಂಗಿಕೊಂಡರು ಅನ್ನುವುದು ಟೀ ಮುಗಿಯುವ ಹೊತ್ತಿಗೆ ಗೊತ್ತಾಗಿರುತ್ತದೆ.

ಹ್ಯಾಪಿ ಬಪೆಟ್ಸಿ ಅನ್ನುವ ಹೆಂಗಸಿನ ಪ್ರಕರಣವನ್ನು ಇನ್ನೊಮ್ಮೆ ಓದಿ. ಎಷ್ಟೋ ವರ್ಷದ ಮೇಲೆ ‘ನಾನೇ ನಿಮ್ಮಪ್ಪ’ ಅಂತ ಒಬ್ಬ ಬಂದು ಮನೆಯಲ್ಲಿ ಕೂತು ಉಣ್ಣುತ್ತಿದ್ದಾನೆ. ನಿಜವಾದ ಅಪ್ಪನೋ ಅಲ್ಲವೋ? ಮ್ಮಾ ರಾಮೋಟ್ಸ್ವೆ ನರ್ಸ್ ಬಟ್ಟೆ ಹಾಕಿಕೊಂಡು ಹೋಗಿ, ನಿಮ್ಮ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ನಿಮ್ಮ ರಕ್ತ ಬೇಕು, ಜಾಸ್ತಿಯೇ ಬೇಕು, ನಿಮ್ಮ ಜೀವಕ್ಕೂ ಅಪಾಯ ಅನ್ನುತ್ತಾರೆ. ಆತ ಅಲ್ಲೇ ನಿಜ ಕಕ್ಕುತ್ತಾನೆ. ಬೆರಳಚ್ಚು, ಭೂತಗನ್ನಡಿ ಏನೂ ಬೇಕಾಗಲಿಲ್ಲ. ಅಪ್ಪನಾದವನು ಏನು ಮಾಡುತ್ತಾನೆ ಅನ್ನುವುದು ಅವರಿಗೆ ಗೊತ್ತಿತ್ತು, ಅಷ್ಟೇ. ಯಾಕೆಂದರೆ ಅವರಿಗೆ ಒಳ್ಳೆಯ ಅಪ್ಪ ಇದ್ದರು.

ನೀವು ಓಡಿಸಿಕೊಂಡು ಓದಿದ್ದೀರಿ ಅಂತ ನನಗೆ ಅನ್ನಿಸಿದ್ದು ಇಲ್ಲೇ. ನೋವು ಎಲ್ಲಿದೆ ಅಂತ ಕೇಳುತ್ತೀರಿ. ಅಪ್ಪ ಒಬೆಡ್ ರಾಮೋಟ್ಸ್ವೆ ತಾನೇ ಮಾತಾಡುವ ಅಧ್ಯಾಯ ಇದೆಯಲ್ಲ, ಅಲ್ಲಿದೆ. ಮೊಚುಡಿ ಹಳ್ಳಿಯ ಆ ಮನುಷ್ಯ ದಕ್ಷಿಣ ಆಫ್ರಿಕಾದ ಗಣಿಗೆ ಇಳಿದು, ಸಂಬಳದಲ್ಲಿ ಒಂದೊಂದೇ ದನ ಕೊಂಡು ಹಿಂಡು ಕಟ್ಟಿದವರು. ಆ ನಾಡಿನಲ್ಲಿ ದನ ಅಂದರೆ ಆಸ್ತಿಯೂ ಹೌದು, ಮಾನವೂ ಹೌದು. ಊರಲ್ಲೊಂದು ಮನೆ, ಹೊಲದಲ್ಲೊಂದು, ದೂರದ ದನದ ಬೀಡಿನಲ್ಲೊಂದು ಅಂತ ಮೂರು ಕಡೆ ಬದುಕುವುದು ಅವರ ಹಳೇ ರೀತಿ. ಗಣಿಯ ದೂಳು ಒಬೆಡ್ ಅವರ ಶ್ವಾಸಕೋಶವನ್ನು ತಿಂದುಹಾಕಿತು. ಅವರು ಬಿಟ್ಟುಹೋದ ದನಗಳನ್ನು ಮಾರಿದ ದುಡ್ಡಿನಲ್ಲೇ ಮಗಳು ಆಫೀಸು ತೆರೆದದ್ದು. ಆ ಮೂರು ಮಗ್‌ಗಳ ಹಿಂದೆ ಒಬ್ಬ ಮನುಷ್ಯನ ಉಸಿರಿದೆ ಮೇಷ್ಟ್ರೇ.

ಬಂಗಾರಪೇಟೆಯಲ್ಲಿ ಹದಿನೆಂಟು ವರ್ಷ ಪಾಠ ಮಾಡಿದೆ ಅಂತ ಬರೆದಿದ್ದೀರಿ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಅದಕ್ಕೂ ಮೊದಲು ಅಲ್ಲಿಂದ ನಿಮ್ಮ ಕ್ಲಾಸಿಗೆ ಬರುತ್ತಿದ್ದ ಮಕ್ಕಳ ಮನೆಯಲ್ಲಿ ರಾತ್ರಿಯೆಲ್ಲ ಕೆಮ್ಮುವ ಅಪ್ಪಂದಿರು ಇದ್ದಿರಬೇಕಲ್ವಾ? ಒಬೆಡ್ ಅವರ ಅಧ್ಯಾಯ ನಮ್ಮಲ್ಲಿ ಯಾರಿಗಾದರೂ ನೇರ ಎದೆಗೆ ಇಳಿಯಬೇಕಾದರೆ ಅದು ನಿಮಗೇ.

ಮ್ಮಾ ರಾಮೋಟ್ಸ್ವೆ ಗಂಡನ ಕೈಯಲ್ಲಿ ಹೊಡೆತ ತಿಂದದ್ದು, ಹುಟ್ಟಿದ ಕೂಸು ಕೆಲವೇ ದಿನ ಬದುಕಿ ಹೋದದ್ದು ಎಲ್ಲವೂ ಪುಸ್ತಕದಲ್ಲಿದೆ. ದನಿ ಏರಿಸದೆ ಹೇಳಿದ್ದಾರೆ, ಅದಕ್ಕೇ ಕಣ್ಣಿಗೆ ಬೀಳಲಿಲ್ಲವೇನೋ.

ಈಗ ನೀವು ಸರಿಯಾಗಿ ಹಿಡಿದ ಜಾಗಕ್ಕೆ ಬರುತ್ತೇನೆ. ಲೇಖಕ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಆ ಕಡೆಗೆ ಪೂರ್ತಿ ಹೊರಗಿನವರಲ್ಲ. 1948ರಲ್ಲಿ ಈಗಿನ ಜಿಂಬಾಬ್ವೆಯ ಬುಲಾವಾಯೊದಲ್ಲಿ ಹುಟ್ಟಿದವರು, 1980ರ ದಶಕದ ಶುರುವಿನಲ್ಲಿ ಬೋಟ್ಸ್ವಾನಾ ವಿಶ್ವವಿದ್ಯಾಲಯದಲ್ಲಿ ಕಾನೂನು ವಿಭಾಗ ಕಟ್ಟಲು ನೆರವಾದವರು. ಆ ದೇಶದ ಮೇಲಿನ ಪ್ರೀತಿ ಸುಳ್ಳಲ್ಲ. ಆದರೂ 1998ರಲ್ಲಿ ಪುಸ್ತಕ ಬಂದಾಗ ಬೋಟ್ಸ್ವಾನಾ ಏಡ್ಸ್‌ನಿಂದ ತತ್ತರಿಸುತ್ತಿತ್ತು, ಮನೆಮನೆಯಲ್ಲೂ ಸಾವು. ಕಾದಂಬರಿಯಲ್ಲಿ ಅದರ ನೆರಳು ತೀರಾ ತೆಳು. 2002ರಲ್ಲಿ ಸರ್ಕಾರವೇ ಔಷಧಿಯನ್ನು ಪುಕ್ಕಟೆ ಕೊಡಲು ಶುರುಮಾಡಿ ಆ ಯೋಜನೆಗೆ ‘ಮಾಸಾ’, ಅಂದರೆ ಬೆಳಗಿನ ಜಾವ, ಅಂತ ಹೆಸರಿಟ್ಟಿತು. ಎಂಥ ರಾತ್ರಿ ಕಳೆದವರು ಹಾಗೆ ಹೆಸರಿಡುತ್ತಾರೆ ಯೋಚಿಸಿ.

ಕಾದಂಬರಿಯಲ್ಲಿ ಮಗನನ್ನು ಕಳೆದುಕೊಂಡ ಮೇಷ್ಟ್ರೊಬ್ಬರು ಬರೆಯುವ ಪತ್ರ ನಿಮ್ಮನ್ನು ತಟ್ಟಿತು ಅಂದಿರಿ. ಮಾಟದ ಮದ್ದಿಗಾಗಿ ಹುಡುಗನನ್ನು ಕೊಂದಿರಬಹುದು ಅಂತ ನಾವೆಲ್ಲ ಹೆದರುತ್ತಾ ಓದುತ್ತೇವೆ, ಕೊನೆಗೆ ಅವನು ಜೀವಂತ ಸಿಗುತ್ತಾನೆ. ನಿಜದಲ್ಲಿ ಹಾಗಾಗಲಿಲ್ಲ. 1994ರಲ್ಲಿ ಮೊಚುಡಿಯಲ್ಲೇ, ಹೌದು, ಕಥಾನಾಯಕಿಯ ಅದೇ ಊರಿನಲ್ಲಿ, ಹದಿನಾಲ್ಕು ವರ್ಷದ ಶಾಲಾ ಹುಡುಗಿಯೊಬ್ಬಳ ಕೊಲೆ ಆಯಿತು. ಮಾಟಕ್ಕಾಗಿಯೇ ಕೊಂದರು ಅಂತ ಊರು ನಂಬಿತು. ನ್ಯಾಯ ಕೇಳಿ ವಿದ್ಯಾರ್ಥಿಗಳು ಬೀದಿಗಿಳಿದರು, ಗಲಾಟೆ ರಾಜಧಾನಿಯವರೆಗೂ ಹೋಯಿತು.

ಅಂಥದೇ ಕರಾಳ ಕಥೆಯನ್ನು ಆ ನಾಡಿನ ಹೆಣ್ಣುಮಗಳೇ ಬರೆದಿದ್ದಾರೆ. ಯೂನಿಟಿ ಡೌ ಅಂತ. ವಿದೇಶಿಯನ್ನು ಮದುವೆಯಾದ ಹೆಂಗಸಿನ ಮಕ್ಕಳಿಗೆ ಪೌರತ್ವ ಇಲ್ಲ ಅನ್ನುವ ಕಾನೂನಿನ ವಿರುದ್ಧ ಕೇಸು ಹಾಕಿ 1992ರಲ್ಲಿ ಮೇಲಿನ ಕೋರ್ಟಿನಲ್ಲೂ ಗೆದ್ದವರು, 1998ರಲ್ಲಿ, ಅಂದರೆ ನಮ್ಮ ಈ ಕಾದಂಬರಿ ಬಂದ ವರ್ಷವೇ, ಅಲ್ಲಿನ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆ ಆದವರು. ಅವರ ‘ದಿ ಸ್ಕ್ರೀಮಿಂಗ್ ಆಫ್ ದಿ ಇನ್ನೊಸೆಂಟ್’ನಲ್ಲಿ ಕಾಣೆಯಾದ ಹುಡುಗಿ ವಾಪಸ್ ಬರುವುದಿಲ್ಲ. ದೊಡ್ಡವರು ಹೇಗೆ ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುತ್ತಾರೆ ಅನ್ನುವುದನ್ನು ಅವರು ಎಲ್ಲಿಯೂ ಮೆತ್ತಗೆ ಮಾಡಿ ಹೇಳುವುದಿಲ್ಲ. ನಮ್ಮ ಟಿಪ್ಪಣಿಯಲ್ಲಿ ಈ ಹೆಸರು ಇರಬೇಕಿತ್ತು. ಇರಲಿಲ್ಲ, ಅದು ನನ್ನ ತಪ್ಪು. ಬರುವ ಸಂಚಿಕೆಯಲ್ಲಿ ಅವರ ಬಗ್ಗೆ ಪೂರ್ತಿ ಲೇಖನ ಹಾಕುತ್ತೇವೆ.

ಹಾಗಂತ ಮ್ಮಾ ರಾಮೋಟ್ಸ್ವೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಆಫ್ರಿಕಾ ಅಂದರೆ ಬರೀ ಬರ, ಯುದ್ಧ, ಹಸಿವು ಅಂತಲೇ ನಮ್ಮ ಪೇಪರುಗಳು ಬರೆದ ಕಾಲದಲ್ಲಿ, ಸ್ವಂತ ವ್ಯಾನ್ ಓಡಿಸಿಕೊಂಡು, ತನ್ನ ದಪ್ಪ ಮೈಯ ಬಗ್ಗೆ ನಾಚಿಕೆಯಿಲ್ಲದೆ, ತನ್ನ ದೇಶದ ಬಗ್ಗೆ ಹೆಮ್ಮೆಯಿಂದ ಬದುಕುವ ಒಬ್ಬ ಹೆಂಗಸು ನನಗೆ ಸಿಕ್ಕಿದ್ದು ಇಲ್ಲಿ. ಆ ಖುಷಿ ಸುಮ್ನೆ ಅಲ್ಲ.

ಮೊಮ್ಮಗಳಿಗೆ ಧಾರಾಳವಾಗಿ ಕೊಡಿ. ಗಂಡನ ಹೊಡೆತದ ಭಾಗ ಬಂದಾಗ ಅವಳು ಏನಾದರೂ ಕೇಳಿದರೆ ತಪ್ಪಿಸಿಕೊಳ್ಳಬೇಡಿ. ಒಬೆಡ್ ಅವರ ಅಧ್ಯಾಯವನ್ನು ಮಾತ್ರ ನೀವೇ ಗಟ್ಟಿಯಾಗಿ ಓದಿ ಹೇಳಿ, ಕೆಜಿಎಫ್ ಮಕ್ಕಳ ವಿಷಯವನ್ನೂ ಸೇರಿಸಿ. ಯೂನಿಟಿ ಡೌ ಪುಸ್ತಕ ಸದ್ಯ ನಿಮಗೆ. ಅವಳಿಗೆ ಇನ್ನೂ ನಾಲ್ಕೈದು ವರ್ಷ ಹೋಗಲಿ.

ಓದಿ ಮತ್ತೆ ಬರೆಯಿರಿ, ನಾಲ್ಕು ಪುಟವೇ ಆಗಲಿ.

ನಿಮ್ಮ,
ಸಂಪಾದಕ