ಮೋಸಂಬಿ ಅಂತ ನೆಟ್ಟ ಗಿಡದಲ್ಲಿ ಹುಳಿ ಕಾಯಿ ಬಿಟ್ಟಿದೆ. ಇದು ಯಾವ ಹಣ್ಣು, ಅಡಿಗೆಗೆ ಬರುತ್ತಾ?

ಕೊಪ್ಪಳದ ಮನೆ ಹಿತ್ತಲಲ್ಲಿ ನರ್ಸರಿಯಿಂದ ತಂದು ನೆಟ್ಟ ಮೋಸಂಬಿ ಸಸಿ ಈಗ ಕಾಯಿ ಬಿಟ್ಟಿದೆ, ಹಣ್ಣು ಹಳದಿ, ಸಿಪ್ಪೆ ಗಂಟುಗಂಟು, ಒಳಗೆ ಬೀಜವೇ ಬೀಜ, ಬಾಯಿಗಿಡಲಾಗದಷ್ಟು ಹುಳಿ ಅಂತ ಬರೆದಿದ್ದೀರಿ. ಇದು ಹೆಚ್ಚುಕಡಿಮೆ ಜಂಬೇರಿಯೇ, ಅಂದರೆ ಒರಟು ಸಿಪ್ಪೆಯ ಒಂದು ಜಾತಿ ನಿಂಬೆ. ನರ್ಸರಿಗಳಲ್ಲಿ ಜಂಬೇರಿ ಅಥವಾ ರಂಗಪುರ ನಿಂಬೆಯ ಸಸಿಗೆ ಮೋಸಂಬಿಯ ಕಣ್ಣು (ಚಿಗುರೊಡೆಯುವ ಮೊಗ್ಗು) ಕೂರಿಸಿ ಕಸಿ ಕಟ್ಟುತ್ತಾರೆ. ಮೇಲಿನ ಮೋಸಂಬಿ ಬಿಸಿಲಿಗೆ ಒಣಗಿದರೆ, ಇಲ್ಲವೇ ಮೇಕೆ ತಿಂದರೆ, ಕಸಿ ಗಂಟಿನ ಕೆಳಗಿನ ಚಿಗುರು ಎದ್ದು ಅದೇ ಗಿಡವಾಗಿಬಿಡುತ್ತದೆ. ನಿಮಗೆ ಮೋಸ ಮಾಡಿ ಬೇರೆ ಸಸಿ ಕೊಟ್ಟರು ಅಂತ ಈಗಲೇ ತೀರ್ಮಾನಿಸಬೇಡಿ. ಮೊದಲು ಬುಡದ ಮಣ್ಣು ಸರಿಸಿ, ಒಂದು ಗೇಣಿನೊಳಗೆ ಕಸಿ ಗಂಟು ಸಿಗುತ್ತಾ, ಕೊಂಬೆ ಅದರ ಕೆಳಗಿನಿಂದ ಬಂದಿದೆಯಾ ನೋಡಿ.

ಹೆಸರು ಕೇಳಿ ಗುರುತಿಸೋಕೆ ಹೋಗಬೇಡಿ. ಹೇರಳೆ, ಕಂಚಿ, ಗಜನಿಂಬೆ, ರಾಯಚೂರು-ಬಳ್ಳಾರಿಯ ತೆಲುಗು ಮಾತಿನ ಮನೆಗಳಲ್ಲಿ ದಬ್ಬಕಾಯಿ: ಈ ಹೆಸರುಗಳು ಊರಿಂದೂರಿಗೆ ಬೇರೆ ಬೇರೆ ಹಣ್ಣಿಗೆ ಅಂಟಿಕೊಂಡಿವೆ. ಎಲೆ ನೋಡಿ. ಎಲೆಯ ತೊಟ್ಟಿನಲ್ಲಿ ಹೃದಯದಾಕಾರದ ದೊಡ್ಡ ರೆಕ್ಕೆ ಇದ್ದರೆ ಚಕ್ಕೋತ. ರೆಕ್ಕೆಯೂ ಇಲ್ಲ, ತೊಟ್ಟಿಗೂ ಎಲೆಗೂ ನಡುವೆ ಕೀಲಿನ ಗೆರೆಯೂ ಇಲ್ಲ ಅಂದರೆ ಮಾದಲ. ಜಂಬೇರಿ ಎಲೆಯಲ್ಲಿ ಕೀಲು ಇರುತ್ತದೆ, ರೆಕ್ಕೆ ಇದ್ದೂ ಇಲ್ಲದಂತೆ, ಎಳೆ ಚಿಗುರಿಗೂ ಮೊಗ್ಗಿಗೂ ನೇರಳೆ ಛಾಯೆ. ಆಮೇಲೆ ಹಣ್ಣನ್ನು ಅಡ್ಡ ಕೊಯ್ಯಿರಿ. ನಡುವೆ ಟೊಳ್ಳು, ತಿಳಿ ಹಳದಿ ತಿರುಳು ಇದ್ದರೆ ಜಂಬೇರಿ. ಸಿಪ್ಪೆ ಕಿತ್ತಳೆ ಥರ ಸಡಿಲವಾಗಿ ಬಿಟ್ಟು ರಸವೂ ಕಿತ್ತಳೆ ಬಣ್ಣವಾದರೆ ರಂಗಪುರ ನಿಂಬೆ. ಮುಕ್ಕಾಲು ಪಾಲು ಬಿಳಿ ದಿಂಡೇ ಇದ್ದು ರಸ ಚೂರೇ ಚೂರು ಇದ್ದರೆ ಮಾದಲ.

ಜಂಬೇರಿ, ರಂಗಪುರ ಎರಡರ ರಸವನ್ನೂ ನಿಂಬೆರಸದ ಹಾಗೇ ಬಳಸಬಹುದು. ಕೆಡೋದು ಒಂದೇ ಕಾರಣಕ್ಕೆ, ಕಹಿ. ಬೀಜದಲ್ಲಿ, ಬಿಳಿ ಪೊರೆಯಲ್ಲಿ ಕಹಿ ಅಂಶ ಇದೆ. ಹಿಂಡಿದ ರಸ ಆಗ ಚೆನ್ನಾಗಿದ್ದು ಕೆಲವು ಗಂಟೆ ಬಿಟ್ಟು ಕಹಿಯಾಗೋದೂ ಇದೆ. ಅದಕ್ಕೆ ಮಿಕ್ಸಿಗೆ ಹಾಕಬೇಡಿ, ಕೈಯಲ್ಲಿ ಹಗುರಾಗಿ ಹಿಂಡಿ, ತಕ್ಷಣ ಸೋಸಿ, ಬೇಕಾದಷ್ಟೇ ತೆಗೆಯಿರಿ. ಪಾನಕ ಮಾಡಿದರೆ ಆಗಲೇ ಕುಡಿಯಿರಿ.

ಚಿತ್ರಾನ್ನಕ್ಕೆ ಎರಡು ಲೋಟ ಸೋನಾ ಮಸೂರಿ ಉದುರಾಗಿ ಬೇಯಿಸಿ, ಪರಾತದಲ್ಲಿ ಹರವಿ ಆರಿಸಿ. ನಾಲ್ಕು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಕಡ್ಲಿಬೇಳೆ, ಉದ್ದಿನಬೇಳೆ, ಒಂದು ಹಿಡಿ ಶೇಂಗಾ, ಆರು ಹಸಿಮೆಣಸಿನಕಾಯಿ, ಕರಿಬೇವು, ಅರ್ಧ ಚಮಚ ಅರಿಶಿಣ. ಒಲೆ ಆರಿಸಿ ಎರಡು ನಿಮಿಷ ಬಿಟ್ಟು ಮೂರು ದೊಡ್ಡ ಚಮಚ ರಸ ಹಾಕಿ. ಅನ್ನ, ಉಪ್ಪು ಕಲಸಿ ರುಚಿ ನೋಡಿ, ಸಾಲದಿದ್ದರೆ ಇನ್ನೊಂದು. ಕುದಿಯುವ ಎಣ್ಣೆಗೆ ರಸ ಸುರಿದರೆ ಪರಿಮಳ ಹಾರಿಹೋಗಿ ಕಹಿ ಮಾತ್ರ ಉಳಿಯುತ್ತದೆ. ಮಂಡಕ್ಕಿ ಒಗ್ಗಾಣಿಗೂ ಇದೇ ಕ್ರಮ.

ಈ ಹಣ್ಣಿಗೆ ನಿಜವಾಗಿ ಒಪ್ಪೋದು ಉಪ್ಪಿನಕಾಯಿ, ದಪ್ಪ ಸಿಪ್ಪೆ ಅಲ್ಲಿ ಕೆಲಸಕ್ಕೆ ಬರುತ್ತದೆ. ಹಳದಿ ತಿರುಗಿದ, ಗಾಯವಿಲ್ಲದ ಹಣ್ಣು ತೊಳೆದು, ಹಸಿ ಪೂರಾ ಆರುವವರೆಗೆ ಒರೆಸಿಡಿ. ಎಂಟು ಹೋಳು ಮಾಡಿ ಬೀಜ, ನಡುವಿನ ನಾರು ತೆಗೆಯಿರಿ. ಒಂದು ಕಿಲೋ ಹೋಳಿಗೆ 200 ಗ್ರಾಂ ಹರಳುಪ್ಪು, ಒಂದು ಚಮಚ ಅರಿಶಿಣ ಬೆರೆಸಿ ಪಿಂಗಾಣಿ ಜಾಡಿಗೆ ತುಂಬಿ, ಇನ್ನೂ ಮೂರ್ನಾಲ್ಕು ಹಣ್ಣಿನ ರಸ ಹಿಂಡಿ. ಹೋಳು ರಸದಲ್ಲಿ ಮುಳುಗಿರಲೇಬೇಕು, ಮೇಲೆ ತೇಲಿದ ಹೋಳಿಗೇ ಬೂಸು ಮೊದಲು ಬರೋದು. ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ದಿನಾ ಒಂದು ಸಲ ಒಣ ಚಮಚದಲ್ಲಿ ತಿರುವಿ. ಸಿಪ್ಪೆ ಉಗುರಿಗೆ ಸಿಗುವಷ್ಟು ಮೆತ್ತಗಾಗಲು ಎರಡು ವಾರ ಹಿಡಿಯುತ್ತದೆ. ನಮ್ಮ ಬೇಸಿಗೆ ಬಿಸಿಲಲ್ಲಿ ಸ್ವಲ್ಪ ಬೇಗ. ಅದಕ್ಕೂ ಮೊದಲು ಖಾರ, ಎಣ್ಣೆ ಹಾಕಿದರೆ ಹೋಳು ಗಟ್ಟಿಯಾಗೇ ಉಳಿಯುತ್ತದೆ. ಮೆತ್ತಗಾದ ಮೇಲೆ 100 ಗ್ರಾಂ ಖಾರದ ಪುಡಿ (ಗುಂಟೂರು ಅರ್ಧ, ಬ್ಯಾಡಗಿ ಅರ್ಧ), ಎರಡು ಚಮಚ ಹುರಿದ ಮೆಂತ್ಯದ ಪುಡಿ, ಎರಡು ದೊಡ್ಡ ಚಮಚ ಸಾಸಿವೆ ಪುಡಿ, ಒಂದು ಚಮಚ ಇಂಗು. ಮೆಂತ್ಯ ಕಪ್ಪಾದರೆ ಅದರದ್ದೇ ಇನ್ನೊಂದು ಕಹಿ ಸೇರುತ್ತದೆ. 150 ಮಿಲಿ ಎಣ್ಣೆ ಕಾಯಿಸಿ, ಪೂರ್ತಿ ತಣ್ಣಗಾದ ಮೇಲೆ ಸುರಿಯಿರಿ. ತಿಂಗಳು ಕಳೆದರೆ ಕಹಿ ತಗ್ಗುತ್ತದೆ. ಆಗಲೂ ತಡೆಯದಿದ್ದರೆ ಬೆಲ್ಲ ಹಾಕಿ.

ಇನ್ನೆರಡು ಮಾತು ಮರೆಯಬೇಡಿ. ಈ ಜಾತಿಯ ಹಣ್ಣುಗಳ ಸಿಪ್ಪೆಯ ಎಣ್ಣೆ, ರಸ ಕೈಗೆ ಹತ್ತಿದಾಗ ಬಿಸಿಲಿಗೆ ಹೋದರೆ ಸುಟ್ಟಂತೆ ಬೊಬ್ಬೆ, ಕಪ್ಪು ಕಲೆ ಆಗಬಹುದು. ಸೋಪಿನಿಂದ ಕೈ ತೊಳೆದೇ ಅಂಗಳಕ್ಕಿಳಿಯಿರಿ. ನೋಡಿದಾಗ ಹಣ್ಣು ಚಕ್ಕೋತ ಅಂತ ಗೊತ್ತಾದರೆ, ಬಿಪಿ ಅಥವಾ ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ ತಿನ್ನಲಿ, ಕೆಲವು ಮಾತ್ರೆಗಳ ಪರಿಣಾಮವನ್ನು ಅದು ಹೆಚ್ಚಿಸುತ್ತದೆ.

ಮೋಸಂಬಿಯೇ ಬೇಕಿದ್ದರೆ ಗಿಡ ಕಡಿಯಬೇಡಿ. ಬೇರು ಊರಿದ ಜಂಬೇರಿ ಕಸಿಗೆ ಒಳ್ಳೆಯ ಬುಡ. ತೊಗಟೆ ಸುಲಭವಾಗಿ ಬಿಡುವ ಕಾಲದಲ್ಲಿ ಕಸಿ ಬಲ್ಲವರನ್ನು ಕರೆಸಿ ಎರಡು ಕೊಂಬೆಗೆ ಮೋಸಂಬಿ ಕಣ್ಣು ಹಾಕಿಸಿ, ಇನ್ನೊಂದು ಕೊಂಬೆಯನ್ನು ಉಪ್ಪಿನಕಾಯಿಗೆ ಹಾಗೇ ಬಿಡಿ. ಆಮೇಲೆ ಬುಡದಿಂದ ಏಳುವ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟುತ್ತಾ ಇರಿ.