ಹೊಸ ಶೂ, ಎಂಟುನೂರು ಪೌಂಡ್ ಸಾಲ

ಉತ್ತರ ಇಂಗ್ಲೆಂಡಿನ ಹಳೆಯ ಕೈಗಾರಿಕಾ ಪಟ್ಟಣ. ಹುಡುಗನಿಗೆ 15 ವರ್ಷ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೆಸರನ್ನು 'ಜ' ಎಂದಿಟ್ಟಿದ್ದೇವೆ. ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಕೌನ್ಸಿಲ್ ಮನೆಯಲ್ಲಿ ತಾಯಿ ಮತ್ತು ಆರು ವರ್ಷದ ತಂಗಿ. ತಾಯಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ. ಸಹಪಾಠಿಯ ಮೂಗು ಒಡೆದನೆಂದು ಶಾಲೆ ಅವನನ್ನು ಶಾಶ್ವತವಾಗಿ ಹೊರಹಾಕಿತ್ತು. ನಮ್ಮ ಬಳಿ ಆಪ್ತಸಲಹೆಗೆ ಕಳಿಸಿದ ಪತ್ರದಲ್ಲಿ ಇದ್ದದ್ದು ಎರಡೇ ಪದ: ಕೋಪ ನಿಯಂತ್ರಣ.

ಮೊದಲ ಭೇಟಿಯಲ್ಲಿ ಕೋಪದ ಮಾತೆತ್ತಲಿಲ್ಲ. ಗೋಪ್ಯತೆಯ ಮಿತಿಯನ್ನು ಮೊದಲೇ ತಿಳಿಸಿದ್ದಾಯಿತು: ನಿನಗೋ ತಂಗಿಗೋ ಅಪಾಯವಿದ್ದರೆ ಮಕ್ಕಳ ರಕ್ಷಣೆಯ ಅಧಿಕಾರಿಗೆ ಹೇಳಲೇಬೇಕು, ಆದರೆ ನಿನಗೆ ತಿಳಿಸದೆ ಹೇಳುವುದಿಲ್ಲ. ಇದನ್ನು ತಡವಾಗಿ ಹೇಳಿದರೆ ಮೋಸವಾಯಿತೆಂದು ಹುಡುಗರು ಮತ್ತೆ ಇತ್ತ ತಲೆ ಹಾಕುವುದಿಲ್ಲ. ಆಮೇಲೆ ಒಂದು ಹಾಳೆಯ ಮೇಲೆ, ಶಾಲೆ ಹೊರಹಾಕುವ ಮುಂಚಿನ ಒಂದು ವಾರವನ್ನು ಗಂಟೆ ಗಂಟೆಯಾಗಿ ಬರೆಸಿದೆವು. ರಾತ್ರಿ 9ಕ್ಕೆ ತಾಯಿ ಕೆಲಸಕ್ಕೆ, 2ಕ್ಕೆ ತಂಗಿ ಎದ್ದು ಅಳುತ್ತಾಳೆ, 6.30ಕ್ಕೆ ಅವಳಿಗೆ ತಿಂಡಿ, ಸಮವಸ್ತ್ರ. ಅವಳನ್ನು ಬಿಟ್ಟು ಬರುವಷ್ಟರಲ್ಲಿ ತನ್ನ ಶಾಲೆಗೆ ತಡ, ತಡಕ್ಕೆ ಶಿಕ್ಷೆ. ನಿದ್ದೆ ಐದು ಗಂಟೆಗೂ ಕಡಿಮೆ. ಹಾಳೆಯಲ್ಲಿ ಶನಿವಾರ ಮಾತ್ರ ಖಾಲಿ.

ಕಾಲಲ್ಲಿ ದುಬಾರಿ ಶೂ ಇತ್ತು. 'ಯಾರು ಕೊಟ್ಟರು?' ಎಂದರೆ ಅದು ಪೊಲೀಸರ ಪ್ರಶ್ನೆಯಾಗುತ್ತದೆ. 'ಕೊಟ್ಟ ಮೇಲೆ ಏನು ಕೇಳಿದರು?' ಎಂದಾಗ, ಮೂರನೇ ಭೇಟಿಯಲ್ಲಿ, ಮಾತು ಹೊರಬಿತ್ತು. ಶನಿವಾರಗಳಂದು ರೈಲಿನಲ್ಲಿ ಕಡಲತೀರದ ಊರಿಗೆ ಒಂದು ಗುಂಪಿನ ಮಾದಕವಸ್ತುವಿನ ಪೊಟ್ಟಣ ಒಯ್ಯುತ್ತಿದ್ದ. ದಾರಿಯಲ್ಲಿ ಯಾರೋ ಅದನ್ನು ಕಸಿದುಕೊಂಡರು. ಈಗ ಅದರ ಬೆಲೆಯೆಂದು ಗುಂಪಿಗೆ 800 ಪೌಂಡ್ ಸಾಲ. ಇಂಥ ದರೋಡೆಯನ್ನು ಎಷ್ಟೋ ಸಲ ಆ ಗುಂಪೇ ಮಾಡಿಸುತ್ತದೆ, ಹುಡುಗ ಋಣದಲ್ಲಿ ಸಿಕ್ಕಿಕೊಳ್ಳಲೆಂದು. ಮೂಗು ಒಡೆಸಿಕೊಂಡವನು ತರಗತಿಯಲ್ಲಿ ಅವನನ್ನು 'ಸಾಲಗಾರ' ಎಂದು ಕೂಗಿದ್ದ.

ತಾಯಿಗೆ ಹೇಳಿದ್ದು: ಸಾಲ ತೀರಿಸಬೇಡಿ, ತೀರಿಸಿದರೆ ಹೊಸದು ಹುಟ್ಟುತ್ತದೆ. ಗುಂಪಿನ ಸಂದೇಶ ಬರುವ ಅವನ ಫೋನನ್ನು ಎಸೆಯಬೇಡಿ, ಅದರಲ್ಲಿರುವ ಸಂದೇಶಗಳೇ ಸಾಕ್ಷಿ. ಹುಡುಗನನ್ನು ಬೈಯುವ ಮುನ್ನ ಒಂದು ರಾತ್ರಿ ಅವನಿಗೆ ಪೂರ್ತಿ ನಿದ್ದೆ ಮಾಡಲು ಬಿಡಿ. 'ಜ'ನಿಗೆ: ಒಬ್ಬನೇ ಹೋಗಿ ಏನನ್ನೂ ಹಿಂತಿರುಗಿಸಬೇಡ.

ಮಕ್ಕಳ ಸಾಮಾಜಿಕ ಸೇವೆಗೆ ಅದೇ ದಿನ ತಿಳಿಸಿ, ಮಾನವ ಸಾಗಣೆಗೆ ಬಲಿಯಾದವರನ್ನು ಗುರುತಿಸುವ ರಾಷ್ಟ್ರೀಯ ವ್ಯವಸ್ಥೆಗೆ (ಮಕ್ಕಳಿಂದ ಹೀಗೆ ಪೊಟ್ಟಣ ಸಾಗಿಸಿಕೊಳ್ಳುವುದೂ ಅದರಲ್ಲಿ ಸೇರುತ್ತದೆ) ಹೆಸರು ಕಳಿಸುವಂತೆ ಕೇಳಿದೆವು. 18ರ ಒಳಗಿನವರಿಗೆ ಇದಕ್ಕೆ ಒಪ್ಪಿಗೆ ಬೇಕಿಲ್ಲ. 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 45ನೇ ಕಲಂ ಇಂಥ ಮಕ್ಕಳಿಗೆ ಕಾನೂನಿನ ರಕ್ಷಣೆ ಕೊಡುತ್ತದೆ, ಗಂಭೀರ ಅಪರಾಧಗಳನ್ನು ಬಿಟ್ಟು. ಹಾಗಾಗಿ ವಕೀಲರಿಲ್ಲದೆ ಪೊಲೀಸ್ ವಿಚಾರಣೆಗೆ ಕೂರಬಾರದೆಂದು ಇಬ್ಬರಿಗೂ ಒತ್ತಿ ಹೇಳಿದೆವು.

ಹೊರಹಾಕಿದ್ದನ್ನು ತಿಳಿಸುವ ಶಾಲೆಯ ಪತ್ರವನ್ನು ತಾಯಿ ಓದದೆ ಡ್ರಾಯರಿನಲ್ಲಿ ಇಟ್ಟಿದ್ದರು. ಆ ನಿರ್ಧಾರವನ್ನು ಶಾಲೆಯ ಆಡಳಿತ ಮಂಡಳಿ 15 ಶಾಲಾ ದಿನಗಳೊಳಗೆ ಸಭೆ ಸೇರಿ ಪರಿಶೀಲಿಸಬೇಕು. ಪಾಳಿ ಮುಗಿಸಿ ಬಂದ ತಾಯಿ ಸಭೆಗೆ ಹೋಗದಿದ್ದರೆ ಅಲ್ಲಿ ಶಾಲೆಯ ಮಾತಷ್ಟೇ ಕೇಳಿಸುತ್ತದೆ. ಆ ಗಂಟೆಗಳ ಹಾಳೆಯನ್ನೇ ಲಿಖಿತ ಹೇಳಿಕೆಗೆ ಲಗತ್ತಿಸಿದೆವು, ಎಳೆಯ ಆರೈಕೆದಾರನ (ಮನೆಯವರನ್ನು ನೋಡಿಕೊಳ್ಳುವ ಮಗುವಿನ) ಅಗತ್ಯಗಳ ಮೌಲ್ಯಮಾಪನಕ್ಕೂ ಅರ್ಜಿ ಹಾಕಿಸಿದೆವು. ಮಂಡಳಿ ಅವನನ್ನು ವಾಪಸು ತೆಗೆದುಕೊಂಡಿತು. ತಂಗಿ ಈಗ ಶಾಲೆ ಶುರುವಾಗುವ ಮುಂಚೆ ತಿಂಡಿ ಕೊಡುವ ಬ್ರೇಕ್‌ಫಾಸ್ಟ್ ಕ್ಲಬ್ಬಿಗೆ ಹೋಗುತ್ತಾಳೆ. ಶನಿವಾರಗಳಿಗೆ ಇನ್ನೂ ದಾರಿ ಹುಡುಕುತ್ತಿದ್ದೇವೆ.